ಎಷ್ಟು ಇಳಿಯುತ್ತದೆ?

ಕೈಗಡ ಪಡೆದ ಹತ್ತು ಸಾವಿರ ತೀರಿಸಲಾರದೆ
ಮನೆ ಮಾಲೀಕ ಕಾಯ್ತಾನ್ ಫುರ್ತಾದು ನನಗೆ
ನೀರುಹಲಸಿನ ಮರದಡಿ ನಿಂತ ಫಿಯಾಟನ್ನೇ ಬರೆದುಕೊಟ್ಟ:
ಅರವತ್ತೆಂಟರದು, ಹಿಂದಿನ ಸೀಟಿನಲ್ಲಿ
ಕಾವಿಗೆ ಕೂತ ಕೋಳಿ ಸಮೇತ.

ವಾಸ್ಕೋದ ಗಾಳಿ ಉಪ್ಪಿನ ನಾಲಗೆಯದು.
ಬಾಗಿಲ ಅಂಚು ಬೆರಳು ತಾಗಿದರೆ ಶೇಂಗಾ ಸಿಪ್ಪೆಯಂತೆ ಉದುರಿತು.
ಕ್ಲಚ್ಚು ತುಳಿಯುವಲ್ಲಿ ಚಾಪೆ ಎತ್ತಿದರೆ
ಕೆಳಗೆ ನೆಲ, ನೆಲದ ಮೇಲೆ ಇರುವೆ ಸಾಲು.

ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ
ಕಂಡವರ ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿದವನು ನಾನು.
ಈ ತೂತನ್ನು ನನ್ನ ಕೈಯಾರೆ ಮುಚ್ಚಬೇಕು ಅನ್ನಿಸಿತು.
ಯಾಕೆ ಎಂದು ಕೇಳಬೇಡಿ.
ಹೆಂಡತಿ ಕೇಳಿದಳು; ಉತ್ತರ ಸಿಗಲಿಲ್ಲ.

ಝುವಾರಿನಗರದ ಮೌನೇಶ ಬಡಿಗೇರ, ಶೋರಾಪುರದ ಕಡೆಯವ,
ಕಿಟಕಿ ಸರಳು, ಗೇಟು, ನೀರಿನ ಟ್ಯಾಂಕಿನ ಕಾಲು
ಎಲ್ಲವನ್ನೂ ಒಂದೇ ರಾಡಿನಲ್ಲಿ ಬೆಸೆಯುವವ, ಅಂದ:
"ಮಷೀನ್ ಯಾಕ್ ತಗೋತೀರಿ ಅಣ್ಣಾ, ನಮ್ಮ ಆರ್ಕ್ ಐತಲ್ಲ!"
ಮಡ್‌ಗಾರ್ಡಿಗೆ ರಾಡು ತಾಗಿಸಿದ. ಟಪ್ ಅಂತು.
ನಾಲ್ಕಾಣೆಯಷ್ಟಿದ್ದ ತೂತು ಚಹಾ ಬಸಿಯಷ್ಟಾಯಿತು.
ಕೋಳಿ ಹೊರಗೆ ಬಂದು ಇಬ್ಬರನ್ನೂ ನೋಡಿತು.
"ತಗಡು ಭಾಳ ತೆಳ್ಳಗೈತಿ" ಅಂದ ಮೌನೇಶ,
ತಪ್ಪು ತಗಡಿನದೇ ಎಂಬಂತೆ.

ವೆರ್ಣಾದ ಆಗ್ನೆಲ್‌ನದು ಗ್ಯಾಸಿನ ಜ್ವಾಲೆ, ನೀಲಿ, ನಯ.
ಸಂದು ಕೂಡಿತು ನಿಜ; ಸುತ್ತಲಿನ ಒಂದು ಗೇಣು
ಕೆಂಡದ ಮೇಲಿನ ಹಪ್ಪಳದಂತೆ ಮುರುಟಿತು.
ಟಿಗ್ ಕೂಡ ನೋಡಿ ಬಂದೆ, ಹಡಗುಕಟ್ಟೆಯಲ್ಲಿ:
ಒಂದು ಕೈಗೆ ಬೆಂಕಿ, ಇನ್ನೊಂದಕ್ಕೆ ಕಡ್ಡಿ, ಕಾಲಿಗೆ ಪೆಡಲು.
ಹಾರ್ಮೋನಿಯಂ ಅರ್ಧಕ್ಕೆ ಬಿಟ್ಟವನಿಗೆ ಹೇಳಿಸಿದ್ದಲ್ಲ.

ಉಳಿದದ್ದು ಮಿಗ್. ಸುರುಳಿಯಿಂದ ತಾನೇ ಹರಿದು ಬರುವ ತಂತಿ,
ಶಾವಿಗೆಯಷ್ಟು ಸಣ್ಣ.
ಮಡಗಾಂವಿನ ಪ್ರಿಯೋಳ್ಕರನ ಅಂಗಡಿಯಲ್ಲಿ ಆರು ಮಷೀನು,
ಕೆಂಪು, ಹಳದಿ, ಒಂದಕ್ಕೆ ಹುಲಿಯ ಚಿತ್ರ.
"ಇದು ಇನ್ನೂರು ಆಂಪಿಯರ್! ಇದು ಇನ್ನೂರೈವತ್ತು!
ಟ್ರಕ್ಕಿನ ಚಾಸಿಸ್ಸಿಗೂ ಸೈ!"
ಎಷ್ಟು ಇಳಿಯುತ್ತದೆ, ಕೇಳಿದೆ.
"ಏನು?"
ಕಡಿಮೆ ಅಂದರೆ ಎಷ್ಟು?
ಆತ ಕನ್ನಡಕ ತೆಗೆದ. ಇಷ್ಟು ವರ್ಷ ಬಂದವರೆಲ್ಲ
ಎಷ್ಟು ಏರುತ್ತದೆಂದೇ ಕೇಳಿದ್ದರಂತೆ.
ಇಬ್ಬರೂ ಮಂಡಿಯೂರಿ, ಹಿಂಬದಿಯ ಧೂಳು ಒರೆಸಿ
ಸಣ್ಣ ಅಂಕಿಗಳನ್ನು ಹುಡುಕಿದೆವು.
ಹುಲಿ ಐವತ್ತರ ಕೆಳಗೆ ಇಳಿಯದು.
ಮೂಲೆಯ ಬೂದು ಬಣ್ಣದ್ದು, ಹೆಸರೂ ಮಾಸಿದ್ದು,
ಮೂವತ್ತಕ್ಕೆ ಇಳಿದು ಸುಮ್ಮನೆ ಉರಿಯುತ್ತದೆ,
ಮನೆಯ ಪ್ಲಗ್ಗಿಗೂ ಒಗ್ಗುತ್ತದೆ.
ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಅವ್ವ
ಹೇಳುತ್ತಿದ್ದುದು ವಾರಗಿತ್ತಿಯರ ಜಗಳದ ಬಗ್ಗೆ.

ಗ್ಯಾಸು ಬೇಡದ ತಂತಿಯೂ ಇದೆ; ಕಾವು ಜಾಸ್ತಿ, ಸಿಡಿತ ಜಾಸ್ತಿ.
ಸಿಲಿಂಡರೇ ತಂದೆ, ಮಷೀನಿಗಿಂತ ದುಬಾರಿ ಬಿತ್ತು.
ಕಡಲ ಗಾಳಿಗೆ ಅಡ್ಡ ಮೂರು ಜಿಂಕ್ ಶೀಟು.
ಸೀಟು ಬಿಚ್ಚಿದೆ, ಪೆಟ್ರೋಲ್ ಟ್ಯಾಂಕು ಬಿಚ್ಚಿದೆ,
ಕೋಳಿಗೊಂದು ಬುಟ್ಟಿ.

ತಿಂಗಳಿಡೀ ಎಣ್ಣೆ ಡಬ್ಬಗಳ ಮೇಲೆ ಕಲಿತೆ.
ಒಂದು ಚುಕ್ಕೆ. ಬಿಡು.
ಗೇಣು ಆಚೆ ಇನ್ನೊಂದು. ಬಿಡು.
ಮುಂಗೈ ಹತ್ತಿರ ಹಿಡಿದು ಕಾವು ನೋಡು,
ಆರುವ ತನಕ ಕೋಳಿಗೆ ಅಕ್ಕಿ ಹಾಕು.
ರಂಗೋಲಿಗೆ ಬರೀ ಚುಕ್ಕೆ ಇಟ್ಟು ಎದ್ದುಹೋದಂತೆ;
ಗೆರೆ ಎಳೆಯುವ ಆಸೆಯಾಯಿತೋ, ತಗಡು ಸೊಟ್ಟ.

ಮೇ ಕೊನೆಯಲ್ಲಿ ಕಾಯ್ತಾನ್ ಬಂದ.
"ಓಡುತ್ತದೆಯೇ?"
ಇಲ್ಲ. ಆದರೆ ನೆಲ ಕಾಣುವುದಿಲ್ಲ.
ತಲೆ ಒಳಗೆ ತೂರಿಸಿ ತೇಪೆಯ ಮೇಲೆ
ಹೆಬ್ಬೆರಳು ಆಡಿಸಿದ, ತುಂಬ ಹೊತ್ತು.
"ಬೆತಿಂ ಫೆರಿಯಲ್ಲಿ ನನ್ನ ಅಮ್ಮನ ಹಲ್ಲಿನ ಸೆಟ್ಟು
ಇದೇ ತೂತಿನಿಂದ ಬಿದ್ದದ್ದು.
ಆಮೇಲೆ ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ.
ಸಿಟ್ಟೋ, ಹಲ್ಲಿಲ್ಲದ ನಾಚಿಕೆಯೋ,
ನಾನು ಕೇಳಲಿಲ್ಲ."