ಹೊಟ್ಟೆಗೆ ಹಾಕಿಕೊಂಡದ್ದು

ಹದಿನಾಲ್ಕು ದಿನ ಬರೀ ಹಾಲು.
ಬೆಳಿಗ್ಗೆ ಹಾಲು, ಮಧ್ಯಾಹ್ನ ಹಾಲು,
ರಾತ್ರಿ ಮತ್ತದೇ ಹಾಲು, ಮೇಲೊಂದು ಲೋಟ ಉಪ್ಪು ತಿಳಿಸಾರು.
ಯಕೃತ್ತು ಕುಗ್ಗಬೇಕಂತೆ,
ಡಾಕ್ಟರಿಗೆ ಒಳಗೆ ಕೈಯಾಡಲು ಜಾಗ ಬೇಕಂತೆ.
ಮೊದಲ ಸಲ ಹರಕೆ ಹೊತ್ತವಳ ಹಾಗೆ ಕುಡಿದಿದ್ದೆ,
ಒಂದು ಹನಿ ಚೆಲ್ಲದೆ.
ಈ ಸಲ ಒಂಬತ್ತನೆಯ ದಿನ
ಶಾಲೆಯ ಅಡುಗೆಮನೆಯಲ್ಲಿ, ಬಾಗಿಲ ಹಿಂದೆ ನಿಂತು
ಸೌಟಿಗಂಟಿದ ಕಸ್ಟರ್ಡ್ ನೆಕ್ಕಿದೆ.
ಹೇಳಿಬಿಡುತ್ತೇನೆ. ಇನ್ನು ಮುಚ್ಚಿಡುವುದೇನಿದೆ?

ಇನ್ನೂರ ಹತ್ತು ಮಕ್ಕಳಿಗೆ ಬಡಿಸುವುದೇ ನನ್ನ ಹೊಟ್ಟೆಪಾಡು.
"ಮಿಸ್, ಇನ್ನೊಂದು ಚೂರು" ಅಂತ ತಟ್ಟೆ ಚಾಚುತ್ತವೆ.
ಸಾಕು ಅನ್ನುವ ಮಾತು
ನನ್ನ ಬಾಯಲ್ಲಿ ಯಾವತ್ತೂ ಪಳಗಲಿಲ್ಲ.

ಎಂಟು ವರ್ಷದ ಹಿಂದೆ
ಹೊಟ್ಟೆಯ ಕೊರಳಿಗೊಂದು ಪಟ್ಟಿ ಬಿಗಿದರು,
ತಿಂಗಳಿಗೊಮ್ಮೆ ಸೂಜಿಯಲ್ಲಿ ನೀರು ತುಂಬಿ
ಇನ್ನಷ್ಟು ಬಿಗಿ, ಇನ್ನಷ್ಟು ಬಿಗಿ.
ಚರ್ಮದಡಿ ಒಂದು ಗುಂಡಿ, ಅಂಗಿಯದಲ್ಲ, ನನ್ನದೇ.
ಭಾನುವಾರದ ಹುರಿದ ಮಾಂಸ ಎದೆಯಲ್ಲೇ ನಿಂತು
ಬಚ್ಚಲಿಗೆ ಓಡಿಸುತ್ತಿತ್ತು.
ಐಸ್‌ಕ್ರೀಮ್ ಮಾತ್ರ
ಕಾವಲುಗಾರನ ಕಣ್ಣೆದುರೇ ನಯವಾಗಿ ಜಾರಿ ಹೋಗುತ್ತಿತ್ತು.

ನಮ್ಮ ಕಡೆ ಮೈಯನ್ನು ಇನ್ನೂ ಕಲ್ಲಿನ ಲೆಕ್ಕದಲ್ಲಿ ತೂಗುತ್ತೇವೆ.
ಆರು ಕಲ್ಲು ಇಳಿಸಿದೆ.
ಪ್ರಾರ್ಥನಾಮಂದಿರದ ಹೆಂಗಸರು ಹೂವಿನ ಕಾರ್ಡು ಕಳಿಸಿದರು,
ಎಮ್ಲಿನ್ ನನ್ನ ಸೊಂಟಕ್ಕೆ ಕೈ ಬಳಸಿ
ಎರಡೂ ಕೈ ಒಂದನ್ನೊಂದು ಮುಟ್ಟಿದವೆಂದು ನಕ್ಕ.
ಆಮೇಲೆ ಪಟ್ಟಿ ಜಾರಿತು.
ಏಳು ಕಲ್ಲು ವಾಪಸು ಬಂದವು
ಒಂದೊಂದಾಗಿ, ಸದ್ದಿಲ್ಲದೆ,
ನಾನು ಮಲಗಿದ್ದಾಗ ಯಾರೋ ತಂದು ಪೇರಿಸಿದಂತೆ.

ಈ ಸಲ ಕಾರ್ಡು ಬೇಡ.
ಪಿತ್ತಕೋಶದ ಕಲ್ಲು ತೆಗೆಸಬೇಕು ಅಂದಿದ್ದೇನೆ.
ಕಲ್ಲು ಅಂದದ್ದು ಪೂರ್ತಿ ಸುಳ್ಳಲ್ಲವಲ್ಲ.
"ಅಡ್ಡದಾರಿ ಹಿಡಿದಳು" ಅಂತ ಆಗಲೇ ಅಂದವಳು ನಾದಿನಿ ಮೆನ್ನಾ.
ಅಡ್ಡದಾರಿಯಲ್ಲಿ ಎರಡನೆಯ ಸಲ ನಡೆಯುವವಳಿಗೆ
ಏನನ್ನುತ್ತಾಳೋ.
ಅವಳ ಮಾತು ಹೊಟ್ಟೆಗೆ ಹಾಕಿಕೊಂಡೆ.
ಅಮ್ಮನ ಮಾತು, ಬಸ್ಸಿನಲ್ಲಿ ಪಕ್ಕದ ಸೀಟು ಬಿಟ್ಟೆದ್ದವನ ನೋಟ,
ಎಲ್ಲರ ತಪ್ಪನ್ನೂ ಹೊಟ್ಟೆಗೇ ಹಾಕಿಕೊಂಡೆ.
ಹೊಟ್ಟೆಯ ತಪ್ಪನ್ನು
ಎಲ್ಲಿಗೆ ಹಾಕಿಕೊಳ್ಳಲಿ?

ಡಾಕ್ಟರ್ ಪ್ರೋಥರೋ ಕಾಗದದ ಮೇಲೆ ಗೆರೆ ಎಳೆದರು:
ಪಟ್ಟಿ ತೆಗೆದು, ಹೊಟ್ಟೆ ಕತ್ತರಿಸಿ, ಕರುಳಿಗೆ ಹೊಸ ದಾರಿ.
ಹಳೆಯ ಗಾಯ ಒಳಗೆ ಅಂಟಿಕೊಂಡಿರುತ್ತದೆ,
ಮೊದಲ ಸಲಕ್ಕಿಂತ ಅಪಾಯ ಹೆಚ್ಚು, ಎಂದರು.
ತಾತ ನೆನಪಾದ. ನಮ್ಮ ಕಣಿವೆಯಲ್ಲಿ
ನಲವತ್ತು ವರ್ಷ ಕಲ್ಲಿದ್ದಲು ಕಡಿದವನು.
ಹೊಸ ಸುರಂಗಕ್ಕೆ ಹೆದರುತ್ತಿರಲಿಲ್ಲ.
ಒಮ್ಮೆ ಅಗೆದು ಬಿಟ್ಟದ್ದಕ್ಕೆ ಮತ್ತೆ ಇಳಿಯುವ ದಿನ
ಬುತ್ತಿಯ ಡಬ್ಬಿ ಅಜ್ಜಿಯ ಕೈಗೇ ವಾಪಸು ಕೊಟ್ಟು
"ಬಂದ ಮೇಲೆ ತಿನ್ನುತ್ತೇನೆ" ಅನ್ನುತ್ತಿದ್ದ.

ಸಹಿ ಹಾಕಿದೆ.
ಪೆನ್ನು ಸರಿಯಾಗಿ ಮೂಡದೆ ಎರಡು ಸಲ ಹಾಕಬೇಕಾಯಿತು.

ಎಚ್ಚರವಾದಾಗ ಕೇಳಿದ್ದು ಎಮ್ಲಿನನನ್ನಲ್ಲ, ಪಟ್ಟಿಯನ್ನು.
ಪಾರದರ್ಶಕ ಡಬ್ಬಿಯಲ್ಲಿ ತಂದು ತೋರಿಸಿದಳು ನರ್ಸು.
ಇಷ್ಟೇನಾ?
ಜಾಮ್ ಬಾಟಲಿಯ ಮುಚ್ಚಳದ ರಬ್ಬರಿನಷ್ಟು.
ಪಾಪ, ಇದರ ಮೇಲೆ ಎಷ್ಟು ಹೊರೆ ಹೊರಿಸಿದ್ದೆ.

ಈಗ ಹೆಬ್ಬೆರಳಿನಷ್ಟು ಲೋಟದಲ್ಲಿ ನೀರು,
ಗುಟುಕು ಗುಟುಕಾಗಿ, ಅವಸರ ಮಾಡಬಾರದು.
ಚಿಕ್ಕವರಿದ್ದಾಗ ಮುಚ್ಚಿದ ಗಣಿಯ ಬಾಯಿಗೆ ಹೋಗಿ
ತಂತಿಬೇಲಿಯ ಸಂದಿಯಿಂದ ಕಲ್ಲು ಎಸೆಯುತ್ತಿದ್ದೆವು,
ಉಸಿರು ಹಿಡಿದು ಎಣಿಸುತ್ತಿದ್ದೆವು.
ಮೊದಲ ಗುಟುಕು ಒಳಗಿಳಿಯಿತು.
ಒಂದು. ಎರಡು.
ಕಿವಿಗೊಟ್ಟು ಮಲಗಿದ್ದೇನೆ.