ಬಿಡುಗಡೆ ೦.೪

ಸೂಪರ್ ಮಾರ್ಕೆಟ್ ಹಿಂದೆ, ಝೆರಾಕ್ಸ್ ಅಂಗಡಿಯ ಮಾಳಿಗೆ.
ಮೇ ಮೂವತ್ತು. ರಾತ್ರಿ ಹನ್ನೊಂದಕ್ಕೂ
ಕಲಬುರಗಿಯ ಗೋಡೆ ಮುಟ್ಟಿದರೆ ಹೆಂಚಿನ ಹಾಗೆ.
ಕೂಲರಿನ ನೀರು ಮುಗಿದಿದೆ. ತುಂಬುವ ಸರದಿ ಯಾರದೆಂದು
ಯಾರೂ ಕೇಳುವುದಿಲ್ಲ.
ಇಲ್ಲಿ ಸಂಬಳವಿಲ್ಲ, ಹಾಗಾಗಿ ಸರದಿಯೂ ಇಲ್ಲ.

ಗೋಡೆಯ ಮೇಲೆ ಇದ್ದಿಲಿನ ಮೂರು ಸಾಲು,
ಆರು ವರ್ಷದ ಹಿಂದೆ ಭೀಮಶಾ ಬರೆದದ್ದು:
ಮುಚ್ಚಿಟ್ಟದ್ದು ಯಾವುದೂ ಒಳಗೆ ಬರಬಾರದು.
ಯಾರು ಬೇಕಾದರೂ ಬಿಚ್ಚಲಿ, ತಿದ್ದಲಿ, ಹಂಚಲಿ.
ನಮ್ಮ ಕಡೆಯ ಮಾತಿಗೆ ಕೆಂಪು ಗೆರೆ ಬೀಳಬಾರದು.
ಭೀಮಶಾ ಈಗ ಬರುವುದಿಲ್ಲ, ಹುಮನಾಬಾದಿನಲ್ಲಿ
ಎಲ್‌ಐಸಿ ಪಾಲಿಸಿ ಮಾಡಿಸುತ್ತಾನೆ.
ಕೆಳಗೆ ಬಾಲ್‌ಪೆನ್ನಿನಲ್ಲಿ ನಾಲ್ಕನೆಯದು:
ತಾರೀಖು ಕೊಟ್ಟರೆ ಕೊಟ್ಟ ಹಾಗೆ.
ಅದು ನನ್ನ ಕೈಬರಹ.

ಕಾಗುಣಿತ ತಿದ್ದುವ ಪುಟ್ಟ ತಂತ್ರಾಂಶ ನಮ್ಮದು.
ಸೇಡಂ, ಚಿತ್ತಾಪುರ, ಜೇವರ್ಗಿ ಕಡೆಯ
ಐವತ್ತೆರಡು ಶಾಲೆಗೆ ಮಾತು ಕೊಟ್ಟಾಗಿದೆ,
ಬಾಗಿಲು ತೆರೆಯುವ ದಿನವೇ ಕೊಡುತ್ತೇವೆಂದು.
ಪದಗಳು ಮಾತ್ರ ಹನ್ನೊಂದು ಸಾವಿರಕ್ಕೆ ಬಂದು
ಬಿಸಿಲಿಗೆ ನಿಂತ ಎತ್ತಿನ ಹಾಗೆ ನಿಂತಿವೆ.

ಅಮೃತಪ್ಪ ಪೆನ್‌ಡ್ರೈವ್ ಮೇಜಿಗಿಟ್ಟ. ನಲವತ್ತು ಸಾವಿರ ಪದ.
ಯಾವುದೋ ಕಂಪನಿ ಪುಕ್ಕಟೆ ಕೊಟ್ಟದ್ದು, ಷರತ್ತು ಒಂದೇ:
ಬಳಸಬಹುದು, ಬಿಚ್ಚುವಂತಿಲ್ಲ.
"ಖರೆ ಹೇಳ್ರಿ, ಹುಡುಗ್ರು ಷರತ್ತು ಓದ್ತಾವೇನು?
ಈ ಸಲ ಇರ್ಲಿ. ಮುಂದಿನ ಸಲ ತೆಗಿಯೋಣು."

ಗೌಸಿಯಾ ದುಪಟ್ಟಾದಿಂದ ಕೊರಳು ಒರೆಸಿಕೊಂಡಳು.
"ಒಮ್ಮಿ ಒಳಗ ಬಂದ ಬಾಡಿಗ್ಯಾಂವ
ಹೋಗ್ತೀನಿ ಅಂತಾನ, ಗಂಟು ಕಟ್ಟೂದಿಲ್ಲ. ಖರೆ ಹೌದಿಲ್ಲೋ?
ತಾರೀಖು ಮುಂದ ಹಾಕ್ರಿ. ದಸರಾಕ್ಕ ಬಿಡೋಣು."

ಇಬ್ಬರೂ ನನ್ನ ಕಡೆ ನೋಡಿದರು.

ಅಪ್ಪ ಶಹಾಬಾದ್ ಕಲ್ಲು ಹಾಸುತ್ತಿದ್ದ.
ಮನೆ ಹೊಗುವ ತಾರೀಖು ಐನೋರು ಕೊಡುತ್ತಾರೆ, ಖಣಿ ಕೊಡುವುದಿಲ್ಲ.
ಕಲ್ಲು ತಡವಾದರೂ ಅವ ಕಟ್ಟಿದ ದಾರ
ಕೂದಲೆಳೆ ಸರಿಸಲಿಲ್ಲ, ದಿನವನ್ನೂ ತಪ್ಪಿಸಲಿಲ್ಲ.
ಮೂಲೆಯೊಂದು ಖಾಲಿ ಬಿಟ್ಟ, ಮರಳು ತುಂಬಿದ,
ಚಾಪೆ ಹಾಸಿ ಮುಚ್ಚದೆ
ಬಂದವರಿಗೆಲ್ಲ ತಾನೇ ಹೇಳಿದ: ಅಲ್ಲಿ ಕಾಲಿಡಬ್ಯಾಡ್ರಿ.
ನೆಂಟರೆದುರು ಮನೆಯೊಡತಿ ಬೈದಳು.
ಕೊನೆಯ ಕಂತು ಬರಲೇ ಇಲ್ಲ.

ಹೇಳಿದೆ: ಹನ್ನೊಂದು ಸಾವಿರವೇ ಹೋಗಲಿ.
ಜೊತೆಗೆ ಇನ್ನೊಂದು ಕಡತ, ಹೆಸರು 'ಇಲ್ಲದ್ದು'.
ಏನೇನು ಇಲ್ಲ, ಯಾವ ತಾಲೂಕಿನ ಮಾತು ಇನ್ನೂ ಬಂದಿಲ್ಲ,
ಬರೆಯುತ್ತಾ ಹೋದರೆ ತಂತ್ರಾಂಶಕ್ಕಿಂತ ಉದ್ದವಾಯಿತು.
"ಇದೂ ಸೋಲೇ," ಅಂದಳು ಗೌಸಿಯಾ, ಆದರೂ
ಶಹಾಪುರದ ಕಡೆಯ ಹದಿನೇಳು ಪದ ತಾನೇ ಸೇರಿಸಿದಳು.
ಅಮೃತಪ್ಪ ಪೆನ್‌ಡ್ರೈವ್ ಜೇಬಿಗೆ ಹಾಕಿ ಇಳಿದ.
ಅವನ ಸ್ಕೂಟರ್ ಮೊದಲ ಒದೆತಕ್ಕೆ ಹತ್ತಲಿಲ್ಲ.
ಎರಡು. ಮೂರು. ನಾವು ಎಣಿಸಿದೆವು,
ಕೆಳಗೆ ಹೋಗಲಿಲ್ಲ.

ಬಿಡುಗಡೆ: ನಮ್ಮಲ್ಲಿ ಒಂದೇ ಮಾತು,
ಜೈಲಿನ ಬಾಗಿಲಿಗೂ, ಈ ಗುಂಡಿಗೂ.
ಒತ್ತಿದೆ. ಸದ್ದೇನೂ ಆಗಲಿಲ್ಲ.
ಯಾರು ಯಾರಿಂದ ಬಿಡುಗಡೆಯಾದರೋ.

ನಾಲ್ಕನೆಯ ದಿನ ಸೇಡಂ ಕಡೆಯ ಮೇಷ್ಟ್ರೊಬ್ಬರು
ಪರದೆಯ ಫೋಟೋ ಕಳಿಸಿದರು. ಐದನೆಯ ಇಯತ್ತೆಯ ಹುಡುಗಿ ಟೈಪಿಸಿದ್ದು:
ನಾ ಖರೆ ಹೇಳ್ತೀನ್ರಿ ಸರ್, ಮನಿ ಕೆಲಸ ಮಾಡೀನಿ.
'ಖರೆ'ಯ ಕೆಳಗೆ ಕೆಂಪು ಗೆರೆ.

ಎರಡೇ ಅಕ್ಷರ. ದಿನಾ ನಮ್ಮ ಬಾಯಲ್ಲೇ ಇತ್ತು.
ಇದ್ದದ್ದರಲ್ಲಿ ಇರಲಿಲ್ಲ, 'ಇಲ್ಲದ್ದು' ಕಡತದಲ್ಲೂ ಇರಲಿಲ್ಲ.
ಆ ನಲವತ್ತು ಸಾವಿರದಲ್ಲಿ ಇತ್ತೋ ಏನೋ,
ಬಿಚ್ಚಿ ನೋಡುವಂತಿರಲಿಲ್ಲ.

ಅಮೃತಪ್ಪನಿಗೆ ಫೋನ್ ಮಾಡಬೇಕೆಂದುಕೊಂಡು
ಕೂಲರಿಗೆ ನೀರು ತುಂಬಲು ಎದ್ದೆ.