ಸೋರಿದ ಬ್ಯಾಟರಿ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ನನ್ನ ಅಂಗಡಿಗೆ
ಗೋಣಿಚೀಲದಲ್ಲಿ ಸುತ್ತಿ ತಂದರು ಜವರಶೆಟ್ಟರು,
ಹಾಸನದ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನ ಹಳೇ ಕಂಪ್ಯೂಟರು.
ಸ್ಕ್ರೂ ಬಿಚ್ಚಿದೆ. ಧೂಳು, ಜಿರಲೆಯ ಮೊಟ್ಟೆಚಿಪ್ಪು,
ತೊಂಬತ್ತನಾಲ್ಕರ ಒಂದು ತೂಕದ ಚೀಟಿ,
ಮೂಲೆಯಲ್ಲಿ ನೀಲಿ ಬ್ಯಾಟರಿ, ಹೊಟ್ಟೆ ಒಡೆದು,
ಸುತ್ತ ನಾಲ್ಕು ಬೆರಳಗಲ ಹಸಿರು ಉಪ್ಪು.

‘ಒಂದು ಕೊಳೆತರೆ ಚೀಲವೆಲ್ಲ’ ಅಂದರು.
ಮೂವತ್ತೈದು ವರ್ಷ ಗಡ್ಡೆ ಎಣಿಸಿದ ಮನುಷ್ಯ,
ಮುಟ್ಟದೆಯೇ ಗೊತ್ತಾಗಿತ್ತು.

ಇದಕ್ಕಿದ್ದ ಕೆಲಸ ಇಷ್ಟೇ:
ಕರೆಂಟು ಹೋದಾಗ, ಎಲ್ಲರೂ ಬೀಗ ಜಡಿದು ಹೊರಟಾಗ
ಇವತ್ತು ಯಾವ ತಾರೀಖೆಂದು ನೆನಪಿಟ್ಟುಕೊಳ್ಳುವುದು.
ಇಟ್ಟುಕೊಂಡಿತು, ಪಾಪ, ಎಷ್ಟು ವರ್ಷವೋ.
ಆಮೇಲೆ ತಾಳಲಾರದೆ
ಪಕ್ಕದವರ ಮೇಲೆ ಕಾರಿಕೊಂಡಿತು.

ಕಟರಿನಿಂದ ಕಾಲು ಕತ್ತರಿಸಿ ತೆಗೆದೆ.
ಇದು ಆಸಿಡ್ಡಲ್ಲ, ಕ್ಷಾರ; ಹುಳಿಗೆ ಮಾತ್ರ ಬಗ್ಗುತ್ತದೆ.
ಮೂಲೆಯ ಗೋಬಿ ಗಾಡಿಯ ಮುದಸ್ಸಿರನ ಹತ್ತಿರ
ಒಂದು ಮುಚ್ಚಳ ವಿನಿಗರ್ ಇಸಕೊಂಡೆ.
‘ಯಾರಿಗಣ್ಣ ಮಂಚೂರಿ?’
ಹನಿ ಬಿದ್ದಲ್ಲಿ ಬುಸ್ಸೆಂದು ನೊರೆಗಟ್ಟಿತು ಹಸಿರು.
ಅಜ್ಜಿ ಹಿತ್ತಾಳೆ ಚೊಂಬಿಗೆ ಹುಣಸೆ ಹಚ್ಚುವಾಗಿನ
ವಾಸನೆಯಲ್ಲ, ಆದರೆ ಅದೇ ಜಾತಿಯದು.

ಹಲ್ಲುಜ್ಜುವ ಬ್ರಷ್ಷು. ಸ್ಪಿರಿಟ್ಟು.
ಮೆಟ್ಟಿಲ ಮೇಲೆ ಹನ್ನೊಂದರ ಬಿಸಿಲಿಗೆ ಒಣಹಾಕಿದ್ದೆ,
ಸೊಪ್ಪಿನ ಚಿಕ್ಕತಾಯಮ್ಮ
‘ಸಂಡಿಗೆಯಾ?’ ಎಂದು ಬಗ್ಗಿ ನೋಡಿ ಹೋದಳು.

ಕಣ್ಣಿಗೆ ಲೆನ್ಸು ಸಿಕ್ಕಿಸಿದರೆ
ತಾಮ್ರದ ದಾರಿಗಳೆಲ್ಲ ಕಪ್ಪು.
ಕೆರೆದರೆ ಕೆಲವು ಹೊಳೆಯುತ್ತವೆ,
ಕೆಲವು ಬ್ಲೇಡಿನ ಜೊತೆಗೇ ಎದ್ದು ಬರುತ್ತವೆ.
ಮಲ್ಟಿಮೀಟರಿನ ಎರಡು ಮುಳ್ಳು
ಈ ತುದಿಗೊಂದು, ಆ ತುದಿಗೊಂದು.
ಕೂಗಿದರೆ ಬದುಕಿದೆ.
ಕೂಗಲಿಲ್ಲ. ಕೂಗಲಿಲ್ಲ. ಕೂಗಿತು. ಕೂಗಲಿಲ್ಲ.
ಸತ್ತ ಹದಿಮೂರಕ್ಕೆ
ಸುಟ್ಟ ಮಿಕ್ಸಿ ಮೋಟಾರಿನಿಂದ ಬಿಚ್ಚಿದ ತಂತಿ,
ಕೂದಲಿಗಿಂತ ತುಸು ದಪ್ಪ.
ಉಸಿರು ಹಿಡಿದು ಬೆಸುಗೆ, ಎರಡು ದಿನ.
ಒಂದು ಸಲ ಸೀನಿದೆ,
ಒಂಬತ್ತನೆಯದು ಮತ್ತೆ ಮೊದಲಿಂದ.

ಮೂರನೇ ಸಂಜೆ ಸ್ವಿಚ್ಚು ಹಾಕಿದೆ.
ಫ್ಯಾನು ತಿರುಗಿತು. ಪರದೆ ಕಪ್ಪು, ಇನ್ನೂ ಕಪ್ಪು,
ಆಮೇಲೆ ಮೂಲೆಯಲ್ಲಿ ಬಿಳಿ ಅಂಕಿಗಳು,
ತನ್ನ ನೆನಪು ಎಷ್ಟಿದೆಯೆಂದು ತಾನೇ ಎಣಿಸಿಕೊಳ್ಳುತ್ತ.
ತಾರೀಖು: ಎಂಬತ್ತನೇ ಇಸವಿ, ಜನವರಿ ಒಂದು.
ಶೆಟ್ಟರು ನಕ್ಕರು. ‘ಆವಾಗ ನಾನು ಏಳನೇ ಕ್ಲಾಸು,
ಲೆಕ್ಕದಲ್ಲಿ ಫೇಲು.’
ಸ್ವಲ್ಪ ಹೊತ್ತು ಬಿಟ್ಟು,
‘ಮೊದಲು ಕುಂಯ್ ಅಂತಿತ್ತಲ್ಲ, ಈಗ್ಯಾಕಿಲ್ಲ?’
ಸ್ಪೀಕರಿನ ಗೆರೆ ಸ್ಲಾಟಿನ ಅಡಿಗೆ ಹೋಗಿದೆ,
ಅಲ್ಲಿಗೆ ನನ್ನ ಮೊನೆ ಇಳಿಯಲಿಲ್ಲ. ಹೇಳಿದೆ.
‘ಇರ್ಲಿ ಬಿಡಿ. ಲೆಕ್ಕ ಇಡೋಕೆ ಬಾಯಿ ಯಾಕೆ.’

ಹೊಸ ಬ್ಯಾಟರಿಯನ್ನು ಬೋರ್ಡಿನ ಮೇಲೆ ಕೂರಿಸಲಿಲ್ಲ.
ಗೇಣುದ್ದ ತಂತಿ ಎಳೆದು, ಡಬ್ಬಿಯ ಗೋಡೆಗೆ
ಅದೇ ವಿನಿಗರ್ ಮುಚ್ಚಳದೊಳಗೆ ಕಟ್ಟಿದೆ.
ಕಾಯಲಿ ಅಲ್ಲಿಂದಲೇ.
ಸೋರುವುದಾದರೆ ಮುಚ್ಚಳಕ್ಕೆ ಸೋರಲಿ.

ತಾರೀಖು ತುಂಬಲು ಕೀಲಿಮಣೆ ಎಳೆದುಕೊಂಡು
‘ಇವತ್ತೆಷ್ಟು ಶೆಟ್ರೇ?’ ಎಂದೆ.
ಕೂಲಿ ಕೇಳಿದೆನೆಂದುಕೊಂಡು ಅವರು
ಜೇಬಿಗೆ ಕೈ ಹಾಕಿದರು.